ಎರಡೂವರೆ ಬೆರಳಿನ ಜಾಗ

ಜನವರಿ ೧೧

ಪ್ರೀತಿಯ ಕಡ್ಡಿಗೆ,

ನಿನ್ನ ಗಾರೆಮಾವ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲವಂತೆ, ಅಕ್ಕ ಹೇಳಿದಳು. ಅವಳ ಹತ್ತಿರ ಮಾತಾಡಿದರೆ ಅರ್ಧ ಹೊತ್ತು ಅಳುತ್ತಾಳೆ, ಇನ್ನರ್ಧ ಹೊತ್ತು ನಾನು ಬಿ.ಪಿ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ಅದಕ್ಕೇ ಈ ಕಾಗದ. ಸಾಕೆನಿಸಿದರೆ ಅರ್ಧಕ್ಕೆ ಮಡಚಿಡು, ನನಗೇನೂ ಬೇಜಾರಿಲ್ಲ.

ಸುದ್ದಿ ಕೇಳಿರುತ್ತೀ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಕೆಲಸ ಇನ್ನು ಇಲ್ಲ. ಸೋಮವಾರ ನಮ್ಮನ್ನೆಲ್ಲ ಊಟದ ಹಾಲಿಗೆ ಕರೆದು ದೊಡ್ಡವರು ಏಳು ನಿಮಿಷ ಮಾತಾಡಿದರು. ಉಪಗ್ರಹ ಹಾರಿಸುತ್ತಾರಂತೆ, ಯಂತ್ರ ಹಾರಿಸುತ್ತಾರಂತೆ, ಮನುಷ್ಯ ಮಾತ್ರ ಬೇಡವಂತೆ. ಪ್ರಶ್ನೆ ಇದ್ದರೆ ಕೇಳಿ ಎಂದರು. ನಮ್ಮ ಹೊಲಿಗೆಯಮ್ಮ, ನಿನ್ನ ಉಡುಪಿನ ತೋಳು ಹೊಲಿದವಳು, ಎದ್ದು ನಿಂತು, "ಅರ್ಧ ಹೊಲ್ದಿರೋದನ್ನ ಏನ್ ಮಾಡೋದು ಸರ್?" ಅಂದಳು. ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಫೈಲು ನೋಡಿದರು. ಇಪ್ಪತ್ತಾರು ವರ್ಷದ ಕಾರ್ಯಕ್ರಮ ಅಷ್ಟಕ್ಕೆ ಮುಗಿಯಿತು.

ನನಗೆ ಬೇರೆಯೇ ಆದೇಶ ಬಂದಿದೆ. ಬೆನ್ನಿನ ಅಚ್ಚುಗಳನ್ನೆಲ್ಲ ಒಡೆದುಹಾಕಬೇಕಂತೆ. ಒಬ್ಬರ ಮೈಯಳತೆ ಇನ್ನೊಬ್ಬರ ಕೈಗೆ ಸಿಗಬಾರದು ಎಂಬ ನಿಯಮ ಇದೆಯಂತೆ, ಇಷ್ಟು ವರ್ಷ ಯಾರಿಗೂ ನೆನಪಾಗದ ನಿಯಮ. ನಿನಗೆ ನೆನಪಿರಬೇಕು, ಹಸಿ ಪ್ಲಾಸ್ಟರಿನಲ್ಲಿ ಒಂದು ಗಂಟೆ ಅಲುಗಾಡದೆ ಮಲಗಿಸಿ ನಿನ್ನ ಅಚ್ಚು ತೆಗೆದದ್ದು. "ಮಾವ, ಮೂಗು ತುರಿಸ್ತಾ ಇದೆ" ಎಂದು ನೀನು ಗೋಳಾಡಿದ್ದು, ನಾನೇ ಕಡ್ಡಿ ತೆಗೆದುಕೊಂಡು ತುರಿಸಿದ್ದು. ಆ ಅಚ್ಚಿನಿಂದಲೇ ತಾನೆ ಸೀಟು ಎರೆಯುವುದು. ಉಗ್ರಾಣದಲ್ಲಿ ಅಂಥವು ಹನ್ನೊಂದಿದ್ದವು. ಮುಖ ಮರೆತವರೂ ಬೆನ್ನು ನೋಡಿದ ಕೂಡಲೇ ನೆನಪಾದರು. ಒಬ್ಬನದು ಬಲಭುಜ ಒಂದು ಬೆರಳು ಕೆಳಗೆ, ಒಬ್ಬಳಿಗೆ ಬೆನ್ನುಮೂಳೆಯ ಪಕ್ಕ ಗಂಟು. ಸುತ್ತಿಗೆಯಿಂದ ಒಂದೊಂದನ್ನೇ ಒಡೆದೆ. ಹತ್ತು ಮುಗಿಯಿತು. ನಿನ್ನದಕ್ಕೆ ಕೈ ಬರಲಿಲ್ಲ. ಗೋಣಿಚೀಲ ಹೊದಿಸಿ ಮೂಲೆಗಿಟ್ಟಿದ್ದೇನೆ.

ಉಗ್ರಾಣದವನು, ನಿನಗೆ ಕೈಗವಸು ತೊಡಿಸುತ್ತಿದ್ದ ಆ ಉದ್ದ ಮೀಸೆಯವನು, ನಿನ್ನ ವಿಳಾಸ ಕೇಳಿದ. ಅವನನ್ನೂ ಮನೆಗೆ ಕಳಿಸುತ್ತಿದ್ದಾರೆ. ಏನೋ ಬರೆಯಬೇಕು ಎಂದ, ಕೊಟ್ಟೆ.

ನೀನು ಇಳಿದು ಹದಿನಾಲ್ಕು ತಿಂಗಳಾಯಿತು. ನಾನು ಒಮ್ಮೆಯೂ ನೋಡಲು ಬರಲಿಲ್ಲ ಎಂದು ಅಕ್ಕನಿಗೆ ಸಿಟ್ಟಿದೆ. ರಜೆ ಸಿಗಲಿಲ್ಲ ಎಂದು ಹೇಳಿದ್ದೇನೆ. ಈಗ ಬೇಕಾದಷ್ಟು ರಜೆ.

ಇಂತಿ,
ಗಾರೆಮಾವ


ಫೆಬ್ರವರಿ ೧೯

ಮಾವ,

ಕಾಗದ ಬಂದು ತಿಂಗಳಾಯಿತು. ನಾನು ಬರೆಯಬೇಕೆಂದರೆ ಇಬ್ಬರು ಎತ್ತಿ ಕೂರಿಸಬೇಕು, ಕೂತ ಮೇಲೆ ಇಪ್ಪತ್ತು ನಿಮಿಷವಷ್ಟೇ ತಡೆಯುತ್ತದೆ. ಇದು ಮೂರನೇ ದಿನದ ಬರವಣಿಗೆ. ಸೊಂಟದಿಂದ ಕೆಳಗೆ ಏನೂ ಬದಲಾಗಿಲ್ಲ. ಕೈ ಚೆನ್ನಾಗಿವೆ. ನೋಡಲು ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳುತ್ತಾಳೆ: "ಕೈ ಎರಡೂ ಗಟ್ಟಿಯಾಗಿವೆ ನೋಡಿ." ನನಗೆ ಕಷ್ಟವಾಗುವುದು ಅದೇ. ಬೆಲ್ಟು ಹಾಕಿಕೊಳ್ಳುವುದು ಕೈಯಿಂದ ತಾನೆ.

ಈ ಆಸ್ಪತ್ರೆಯಲ್ಲಿ ನಮ್ಮದು ನಾಲ್ಕು ಮಂಚಗಳ ಕೋಣೆ. ಕಿಟಕಿಯಿಂದ ಬಟ್ಟೆ ಒಗೆಯುವ ಶೆಡ್ಡು ಕಾಣುತ್ತದೆ. ಪಕ್ಕದ ಮಂಚದವಳು ಮಹಡಿಯಿಂದ ಬಿದ್ದವಳು. ಮೊದಲ ವಾರವೇ ನನ್ನನ್ನು ಕೇಳಿದಳು, "ನೀವೇನಾ ಬೆಲ್ಟ್ ಹಾಕ್ಕೊಳ್ದೆ ಬಿದ್ದವ್ರು?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಎಲ್ಲರಿಗೂ ಗೊತ್ತಿರುವುದು ಅಷ್ಟೇ. ಒಬ್ಬಳು ಬೆಲ್ಟು ಸರಿಯಾಗಿ ಹಾಕಿಕೊಳ್ಳಲಿಲ್ಲ, ಇಳಿಯುವ ಗೂಡು ನೆಲಕ್ಕೆ ಬಡಿದಾಗ ಬೆನ್ನು ಮುರಿಯಿತು, ದೇಶ ಮನುಷ್ಯರನ್ನು ಕಳಿಸುವುದನ್ನೇ ಬಿಟ್ಟಿತು.

ತರಬೇತಿಯ ಬೆಲ್ಟೊಂದು ನನ್ನ ಪೆಟ್ಟಿಗೆಯಲ್ಲಿತ್ತು. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಅದನ್ನು ಮಂಚದ ಕಂಬಿಗೆ ಸಿಕ್ಕಿಸಿ ಎಳೆಯುತ್ತೇನೆ. ಐದು ಕಚ್ಚು, ಐದನೆಯದಕ್ಕೆ ಟಕ್ ಎನ್ನಬೇಕು. ನೂರಕ್ಕೆ ನೂರು ಸಲ ಟಕ್ ಎನ್ನುತ್ತದೆ. ಆ ದಿನ ಮಾತ್ರ ಯಾಕೆ ಎನ್ನಲಿಲ್ಲ?

ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಹೇಳುತ್ತೇನೆ. ಐವತ್ತು ದಿನ ಮೇಲಿದ್ದು ಇಳಿಯುವ ದಿನ ಗೂಡಿನೊಳಗೆ ಬಂದು ಸೀಟಿನಲ್ಲಿ ಮಲಗಿದೆ. ಭುಜದ ಬೆಲ್ಟನ್ನು ಮೂರು ಸಲ ಎಳೆದೆ. ನಾಲ್ಕನೇ ಕಚ್ಚಿಗೆ ನಿಂತುಬಿಟ್ಟಿತು. ಇನ್ನು ನಾಲ್ಕು ನಿಮಿಷ ಇತ್ತು. ಪಕ್ಕದ ಸೀಟಿನಿಂದ ಕ್ಯಾಪ್ಟನ್ "ಆಯ್ತಾ?" ಎಂದರು. "ಆಯ್ತು" ಎಂದೆ. ಅವರು ತನಿಖಾ ಸಮಿತಿಗೆ ಅದನ್ನೇ ಹೇಳಿದ್ದಾರೆ, ತಪ್ಪೇನಿಲ್ಲ. ಆಯ್ತು ಎಂದದ್ದು ನಾನೇ. ಆದರೆ ನನಗೆ ನೆನಪಿರುವ ಇನ್ನೊಂದು ವಿಷಯ ಯಾರ ಹಾಳೆಯಲ್ಲೂ ಇಲ್ಲ. ಸೀಟು ನನ್ನದಲ್ಲ ಎನಿಸಿತು. ಕೆಳಬೆನ್ನು ಕುಳಿಗೆ ಕೂರಲಿಲ್ಲ, ಮೈಯೆಲ್ಲ ಮುಂದಕ್ಕೆ ತಳ್ಳಿದ ಹಾಗಿತ್ತು. ಸಮಿತಿಯವರಿಗೆ ಹೇಳಿದೆ. ಸೀಟಿನ ಅಳತೆ ಸರಿಯಿದೆ, ಬಳಲಿದವರಿಗೆ ಹಾಗೆ ಅನ್ನಿಸುವುದುಂಟು ಎಂದರು.

ಏಪ್ರಿಲ್ ಕೊನೆಗೆ ವರದಿ ಮುಚ್ಚುತ್ತಾರೆ. ಅಲ್ಲಿಯವರೆಗೆ ಯಾರು ಏನು ಬರೆದುಕೊಟ್ಟರೂ ಸೇರಿಸುತ್ತಾರಂತೆ. ಮಾವ, ಆ ಸೀಟು ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅಚ್ಚು ಒಡೆಯಬೇಡಿ. ಇನ್ನೊಮ್ಮೆ ನೋಡಿ, ಸೀಟಿನಲ್ಲಿ ಕಾರಣ ಏನಾದರೂ ಇತ್ತೇ ಹೇಳಿ. ಇರಲಿಲ್ಲವಾದರೆ ಇರಲಿಲ್ಲ ಎಂದೇ ಬರೆಯಿರಿ. ನನಗೆ ಸಮಾಧಾನ ಬೇಕಾಗಿಲ್ಲ, ತಿಳಿದರೆ ಸಾಕು.

ಅಮ್ಮ ನಿಮ್ಮ ಮಾತ್ರೆಯ ವಿಷಯ ಕೇಳಲು ಹೇಳಿದಳು. ಕೇಳಿದ್ದೇನೆ.

ಕಡ್ಡಿ


ಮಾರ್ಚ್ ೧೨

ಪ್ರೀತಿಯ ಕಡ್ಡಿಗೆ,

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಕ್ಕನಿಗೆ ಹೇಳು, ಇಲ್ಲದಿದ್ದರೆ ರೈಲು ಹತ್ತಿ ಬಂದುಬಿಡುತ್ತಾಳೆ.

ನನಗೊಂದು ಕೆಲಸ ಸಿಕ್ಕಿದೆ. ಕೃತಕ ಕೈಕಾಲು ಮಾಡುವ ಆಸ್ಪತ್ರೆ. ಬೆನ್ನಿಗೆ ಕಟ್ಟುವ ಕವಚವನ್ನೂ ಮಾಡುತ್ತಾರೆ. ಪ್ಲಾಸ್ಟರೂ ಅದೇ, ಬಾಂಡ್ಲಿಯೂ ಅದೇ, ನನ್ನ ಕೈಗೆ ಯಾವ ವ್ಯತ್ಯಾಸವೂ ಗೊತ್ತಾಗಿಲ್ಲ. ಮೊದಲ ದಿನ ಬಂದವನು ಲಾರಿ ಡ್ರೈವರು, ಎಡಗಾಲಿಲ್ಲ. ಮಂಡಿಯ ಅಚ್ಚು ತೆಗೆಯುತ್ತಿದ್ದರೆ, "ನಿಧಾನ ಸಾರ್, ಇದ್ದಾಗ್ಲೂ ಇದಕ್ಕೆ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ" ಎಂದ. ನಾನು ನಕ್ಕುಬಿಟ್ಟೆ. ಬಹಳ ದಿನದ ಮೇಲೆ ನಕ್ಕದ್ದು. ಸದ್ಯಕ್ಕೆ ತಾತ್ಕಾಲಿಕ ಎಂದು ಇಟ್ಟುಕೊಂಡಿದ್ದಾರೆ. ನಮ್ಮ ವಿಭಾಗದ ಮೇಲೆ ದೂರಿಲ್ಲ ಎಂಬ ಪ್ರಮಾಣಪತ್ರ ಬಂದರೆ ಕಾಯಂ. ವರದಿ ಮುಚ್ಚಿದ ಮೇಲೆ ಕೊಡುತ್ತಾರಂತೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಮೇಲೆ ಹೋದವರ ಬೆನ್ನುಮೂಳೆ ಉದ್ದವಾಗುತ್ತದೆ, ಅದು ನಿನಗೂ ಗೊತ್ತು. ಭಾರ ಇಲ್ಲದ ಕಡೆ ಮೂಳೆಗಳ ನಡುವೆ ಜಾಗ ಬಿಡುತ್ತದೆ, ಹೋಗುವಾಗ ಇದ್ದದ್ದಕ್ಕಿಂತ ಎರಡು ಬೆರಳು ಎತ್ತರವಾಗಿ ಮನುಷ್ಯ ಇಳಿಯುತ್ತಾನೆ. ಅದಕ್ಕೇ ಸೀಟಿನಲ್ಲಿ ತಲೆಯ ಮೇಲೆ ಎರಡೂವರೆ ಬೆರಳು ಖಾಲಿ ಬಿಡಬೇಕು ಎಂಬ ನಿಯಮ. ನಿನ್ನ ಸೀಟು ಇಳಿದ ಮೇಲೆ ನನ್ನ ಮೇಜಿಗೇ ಬಂತು. ನಾನೇ ಅಳೆದೆ. ಎರಡೂವರೆ ಬೆರಳು ಇತ್ತು. ತನಿಖೆಯವರು ಪಕ್ಕದಲ್ಲಿ ನಿಂತು ನೋಡಿದರು. ಹಾಳೆಯ ಮೇಲೆ ನನ್ನ ಸಹಿ ಇದೆ.

ಐವತ್ತು ದಿನ ಭಾರವಿಲ್ಲದೆ ಇದ್ದ ಕೈ ಒಂದಿಷ್ಟು ಸೋಲುತ್ತದೆ. ಎಂಥವರಿಗೂ ಸೋಲುತ್ತದೆ. ಅದಕ್ಕೆ ನೀನಾದರೂ ಏನು ಮಾಡಬೇಕಿತ್ತು? ಬೆಲ್ಟು ಎಳೆಯುವುದನ್ನು ಬಿಟ್ಟುಬಿಡು ಮಗಳೇ. ಆದದ್ದು ಆಯಿತು.

ಅಚ್ಚನ್ನು ಹೋದ ಗುರುವಾರ ಒಡೆದೆ. ಬಾಗಿಲಿಗೆ ಬೀಗ ಹಾಕುವ ದಿನ ಬಂತು, ಇಟ್ಟುಕೊಳ್ಳಲು ಜಾಗ ಇರಲಿಲ್ಲ.

ಇಂತಿ,
ಗಾರೆಮಾವ


ಏಪ್ರಿಲ್ ೭

ಮಾವ,

ಹಾಗಾದರೆ ನನ್ನ ಕೈ ಸೋತದ್ದೇ. ನೀವು ಅಳೆದಿದ್ದೀರಿ ಎಂದ ಮೇಲೆ ಇನ್ನು ಕೇಳುವುದೇನಿಲ್ಲ.

ಹೋದ ವಾರ ನನಗೊಂದು ಪಾರ್ಸೆಲು ಬಂತು. ಬಿಚ್ಚಿದರೆ ಶಾಲೆಯ ಮಕ್ಕಳ ಬ್ಯಾಗಿನ ಪಟ್ಟಿ, ಬಕಲ್ ಸಮೇತ. ಜೊತೆಗೆ ಒಂದು ಚೀಟಿ: "ಇದರಲ್ಲಿ ಅಭ್ಯಾಸ ಮಾಡಿಕೊಳ್ಳಿ. ಇದು ಸುಲಭ." ಕಳಿಸಿದವರ ಹೆಸರಿರಲಿಲ್ಲ. ಆದರೆ ಆರು ವರ್ಷ ನನ್ನ ಕೈಗವಸಿನ ಚೀಟಿ ಬರೆದವರ ಅಕ್ಷರ ನನಗೆ ಗುರುತು ಸಿಗದೇ? ಒಂದೊಂದು ಬೆರಳನ್ನೂ ಎಳೆದು ತೊಡಿಸಿ, "ಹೋಗ್ಬನ್ನಿ ತಾಯಿ" ಎನ್ನುತ್ತಿದ್ದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ಹೋಯಿತು, ಹೊಲಿಗೆಯಮ್ಮನದು ಹೋಯಿತು, ದೂರಲು ಅವರಿಗೂ ಒಬ್ಬರು ಬೇಕಲ್ಲ. ಅಮ್ಮ ಮಾತ್ರ ಆ ಪಟ್ಟಿಯನ್ನು ಹೊರಗೆ ಎಸೆದುಬಂದು ಕೈ ತೊಳೆದಳು, ಮತ್ತೆ ತೊಳೆದಳು.

ಸಮಿತಿಯಿಂದ ಒಬ್ಬರು ಬಂದಿದ್ದರು. ದಿನಾಂಕ ಹಿಂದಕ್ಕೆ ಬಂದಿದೆ. ನಿಮ್ಮ ಕಟ್ಟಡವನ್ನು ತರಕಾರಿ ಇಡುವ ಶೀತಗೃಹಕ್ಕೆ ಕೊಟ್ಟಿದ್ದಾರಂತೆ, ಇಪ್ಪತ್ತೆರಡಕ್ಕೆ ಖಾಲಿ ಮಾಡಬೇಕಂತೆ. ಹಾಗಾಗಿ ಇಪ್ಪತ್ತೊಂದಕ್ಕೆ ಕೊನೆ. "ಭುಜದ ಬೆಲ್ಟನ್ನು ಪೂರ್ತಿ ಬಿಗಿಯದೆ, ಬಿಗಿದಿದ್ದೇನೆ ಎಂದು ತಿಳಿಸಿದೆ" ಎಂದು ನಾನು ಒಪ್ಪಿ ಸಹಿ ಹಾಕಿದರೆ ವರದಿ ಒಂದು ಪುಟಕ್ಕೆ ಮುಗಿಯುತ್ತದಂತೆ. ಒಪ್ಪದಿದ್ದರೆ "ಕಾರಣ ತಿಳಿಯದು" ಎಂದು ಬರೆಯುತ್ತಾರಂತೆ. ಎರಡನೆಯದಕ್ಕೆ ಅಂಟಿಕೊಳ್ಳೋಣ ಎಂದು ಅಮ್ಮ ಹಟ ಹಿಡಿದಿದ್ದಾಳೆ. "ನಿನ್ ಕೈಯಾರೆ ಯಾಕೆ ಬರ್ಕೊಡ್ತೀ?" ಎನ್ನುತ್ತಾಳೆ.

ನನಗೆ ಹಾಗೆ ತೂಗಾಡುತ್ತಾ ಇರಲು ಆಗುವುದಿಲ್ಲ. ಕಾರಣ ತಿಳಿಯದು ಎಂದರೆ ಬದುಕಿರುವವರೆಗೂ ಕಂಬಿಗೆ ಬೆಲ್ಟು ಸಿಕ್ಕಿಸಿ ಎಳೆಯುತ್ತಾ ಇರಬೇಕು. ನಿಮ್ಮ ಕಾಗದ ಬಂದ ಮೇಲೆ ಮನಸ್ಸು ಗಟ್ಟಿಯಾಯಿತು. ನಿಮ್ಮ ಮಾತು ನಂಬಿಯೇ ಇಪ್ಪತ್ತೊಂದರಂದು ಸಹಿ ಹಾಕುತ್ತೇನೆ.

ಕಡ್ಡಿ


ಏಪ್ರಿಲ್ ೨೩

ಕಡ್ಡಿ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ದಿನಾ ಬೆಳಿಗ್ಗೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ, ಸಂಜೆ ವಾಪಸು ತಂದೆ. ಆಸ್ಪತ್ರೆಯಲ್ಲಿ ನನ್ನ ಮೇಜಿನ ಮೇಲೇ ಫೋನಿದೆ. ಎತ್ತಲಿಲ್ಲ. ಇಪ್ಪತ್ತೊಂದು ಕಳೆಯಲಿ ಎಂದು ಕಾದೆನೋ ಏನೋ. ಇಲ್ಲ, ಕಾದೆ. ಅದನ್ನೂ ಬರೆದುಬಿಡುತ್ತೇನೆ.

ಸೀಟಿನಲ್ಲಿ ಕಾರಣ ಇತ್ತು.

ನಡುಗಿಸಿ ನೋಡುವ ಪರೀಕ್ಷೆಯ ದಿನ ನೀನು ಇಳಿದು ಬಂದು ಹೇಳಿದ್ದೆ: "ಮಾವ, ತಲೆ ಕುಣೀತಾ ಇದೆ. ಹಲ್ಲಿಗೆ ಹಲ್ಲು ಬಡಿಯುತ್ತೆ. ಸ್ವಲ್ಪ ನೋಡಿ." ಅದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ: ಕುಣಿಯಲಿ, ಆ ಜಾಗ ಬರುವಾಗ ಬೇಕು. ನಿನಗೆ ಆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಎತ್ತಿ ಆಡಿಸಿದವಳ ತಲೆ ಅದು. ಊಟದ ಬಿಡುವಿನಲ್ಲಿ ಬೆಂಡಿನ ಒಂದು ತುಂಡನ್ನು ಒಂದೂವರೆ ಬೆರಳು ದಪ್ಪಕ್ಕೆ ಕೆತ್ತಿ, ತಲೆಯ ಮೇಲಿನ ಜಾಗಕ್ಕೆ ಅಂಟಿಸಿ, ಮೇಲೆ ಅದೇ ಬಟ್ಟೆ ಎಳೆದೆ. ಮಾರನೆಯ ದಿನ ನೀನು ಕೂತು ನೋಡಿ, "ಈಗ ಅಮ್ಮನ ತೊಡೆ ಮೇಲೆ ಮಲಗಿದ ಹಾಗಿದೆ ಮಾವ" ಎಂದೆ. ನಾನು ಉಬ್ಬಿಹೋದೆ. ನಾನು ಏನು ಮಾಡಿದೆನೆಂದು ನಿನಗೆ ಗೊತ್ತೇ ಇರಲಿಲ್ಲ, ಅಭ್ಯಾಸವಾಯಿತು ಎಂದು ನೀನು ಅಂದುಕೊಂಡಿದ್ದೆ.

ಹಾಳೆಯಲ್ಲಿ ಬರೆಯಲಿಲ್ಲ. ಸೀಟಿಗೆ ಒಂದು ಎಳೆ ಸೇರಿಸಿದರೂ ಬರೆಯಬೇಕು, ಬರೆದರೆ ಸೀಟು ಮೂರು ವಾರ ಪರೀಕ್ಷೆಗೆ ಹಿಂದಕ್ಕೆ ಹೋಗಬೇಕು, ಕಾಯುತ್ತಿದ್ದ ಇನ್ನೊಬ್ಬರಿಗೆ ನಿನ್ನ ಸರದಿ ಹೋಗಬೇಕು. ಹಾರುವ ಮುಂಚೆ ಕಿತ್ತುಹಾಕಿದರಾಯಿತು ಎಂದುಕೊಂಡೆ. ಸೀಟನ್ನು ಎರಡು ದಿನ ಮೊದಲೇ ಗೂಡಿಗೆ ಕೂರಿಸಿ, ಬಾಗಿಲಿಗೆ ಮುದ್ರೆ ಹಾಕಿಬಿಟ್ಟರು. ಆಗ ಬಾಯಿ ಬಿಟ್ಟಿದ್ದರೆ ತೆಗೆಯುತ್ತಿದ್ದರು. ನಾಲ್ಕು ಜನರ ಎದುರು ಬೈಯುತ್ತಿದ್ದರು, ಅಷ್ಟೇ. ನಾನು ಸುಮ್ಮನಿದ್ದೆ. ಬರುವಾಗ ನೀನು ಉದ್ದವಾಗಿದ್ದೆ, ತಲೆಯ ಮೇಲೆ ಜಾಗ ಇರಲಿಲ್ಲ, ಮೈ ಮುಂದಕ್ಕೆ ಬಾಗಿತು, ಬೆಲ್ಟು ಸಾಲಲಿಲ್ಲ. ನಿನ್ನ ಕೈ ಸೋತಿರಲಿಲ್ಲ. ಆ ಬೆಲ್ಟು ಯಾರು ಎಳೆದರೂ ಐದನೆಯ ಕಚ್ಚಿಗೆ ಬರುತ್ತಿರಲಿಲ್ಲ.

ಇನ್ನೂ ಇದೆ. ನೀನು ಇಳಿದ ಮೂರನೆಯ ದಿನ ಸೀಟು ನನ್ನ ಮೇಜಿಗೆ ಬಂತು. ಅಳೆದುಕೊಡಲು ನನ್ನನ್ನು ಬಿಟ್ಟರೆ ಆ ಕೆಲಸ ತಿಳಿದವರು ಇರಲಿಲ್ಲ. ತನಿಖೆಯವರು ಬರುವುದಕ್ಕೆ ಅರ್ಧ ಗಂಟೆ ಇತ್ತು. ಚಪ್ಪಟೆ ಉಳಿಯಿಂದ ಬೆಂಡನ್ನು ಎಬ್ಬಿಸಿದೆ, ಅಂಟು ಕೆರೆದೆ, ಬಟ್ಟೆ ಎಳೆದು ಸರಿಮಾಡಿದೆ. ಬೆಂಡಿನ ತುಂಡು ಕಸದ ಡಬ್ಬಕ್ಕೆ ಹೋಯಿತು. ಆಮೇಲೆ ಅವರ ಎದುರಿಗೇ ಅಳೆದೆ. ಎರಡೂವರೆ ಬೆರಳು. ನಿನಗೆ ಬರೆದದ್ದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿಲ್ಲ.

ನೋಡಲು ಬರದೆ ಇದ್ದದ್ದು ರಜೆ ಸಿಗದೆ ಅಲ್ಲ.

ಇದನ್ನೆಲ್ಲ ಸಮಿತಿಗೂ ಬರೆದು ಇವತ್ತೇ ರಿಜಿಸ್ಟರ್ ಮಾಡಿಸುತ್ತಿದ್ದೇನೆ. ಸಾಕ್ಷಿ ಏನೂ ಉಳಿದಿಲ್ಲ, ನನ್ನ ಮಾತೊಂದೇ. ನೀನು ಸಹಿ ಹಾಕಿರದಿದ್ದರೆ ಹಾಕಬೇಡ.

ಗಾರೆಮಾವ


ಮೇ ೧೪

ಇವರಿಗೆ: ಅಚ್ಚು ವಿಭಾಗದ ಹಿಂದಿನ ಕೆಲಸಗಾರರು

ಮಾನ್ಯರೇ,

ವಿಷಯ: ತಾವು ಏಪ್ರಿಲ್ ೨೩ರಂದು ಬರೆದ ಪತ್ರ.

ಮೇಲ್ಕಂಡ ಪತ್ರವನ್ನು ತಮಗೆ ಹಿಂತಿರುಗಿಸಲಾಗಿದೆ. ತನಿಖಾ ಸಮಿತಿಯು ಏಪ್ರಿಲ್ ೨೧ರಂದು ವರದಿ ಒಪ್ಪಿಸಿ ವಿಸರ್ಜನೆಯಾಗಿರುತ್ತದೆ. ಏಪ್ರಿಲ್ ೩೦ರಂದು ಕಾರ್ಯಕ್ರಮವೇ ಸಮಾಪ್ತಿಯಾಗಿರುವುದರಿಂದ, ವರದಿಗೆ ಸೇರ್ಪಡೆ ಅಥವಾ ತಿದ್ದುಪಡಿ ಸ್ವೀಕರಿಸುವ ಅಧಿಕಾರವುಳ್ಳವರು ಸದ್ಯ ಯಾರೂ ಇರುವುದಿಲ್ಲ. ತಮ್ಮ ವಿಭಾಗದ ಮೇಲೆ ಯಾವುದೇ ದೂರು ಇಲ್ಲವೆಂಬ ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಲಾಗಿದೆ.

ತಮ್ಮ ವಿಶ್ವಾಸಿ,
ಹಸ್ತಾಂತರ ಗುಮಾಸ್ತರು

(ಇದೇ ಹಾಳೆಯ ಹಿಂಬದಿಯಲ್ಲಿ)

ಕಡ್ಡಿ, ಓದಿ ನೋಡು. ಆ ಗುಮಾಸ್ತನನ್ನು ಹುಡುಕಿಕೊಂಡು ಹೋಗಿದ್ದೆ. ಶೀತಗೃಹದವರು ಕೊಟ್ಟ ಒಂದು ಮೂಲೆಯಲ್ಲಿ ಸ್ವೆಟರು ಹಾಕಿಕೊಂಡು ಕೂತಿದ್ದಾನೆ. "ಯಾರಿಗಾದ್ರೂ ಕೊಡಿ ಅಂದ್ರೆ ಯಾರಿದ್ದಾರೆ ಹೇಳಿ, ನಾನೇ ತಿಂಗಳ ಕೊನೆಗೆ ಹೊರಟೆ" ಎಂದ. ಪ್ರಮಾಣಪತ್ರವನ್ನು ಇನ್ನೂ ಆಸ್ಪತ್ರೆಗೆ ಕೊಟ್ಟಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ. ನೀನೇ ಹೇಳು.


ಜೂನ್ ೩

ನಿಮ್ಮ ಎರಡು ಕಾಗದಗಳೂ ಬಂದವು.

ಮೊದಲನೆಯದು ನಾನು ಸಹಿ ಹಾಕಿದ ಐದನೆಯ ದಿನ ಬಂತು. ನನ್ನನ್ನು ಆಗ ಬೋರಲು ಮಲಗಿಸಿದ್ದರು, ಹಾಗಾಗಿ ಅಮ್ಮನೇ ಓದಿ ಹೇಳಿದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಓದಿ ಮುಗಿಸಿ, ಕನ್ನಡಕ ಒರೆಸಿಕೊಂಡು, ಕಾಗದ ಮಡಚಿದಳು. ಮೂರನೆಯ ದಿನ ನನಗೆ ತಲೆ ಬಾಚುತ್ತಾ ಹೇಳಿದಳು: "ಅವನು ಚಿಕ್ಕಂದಿನಿಂದ್ಲೂ ಹಾಗೇ. ಬೈಸ್ಕೊಳ್ಳೋಕೆ ಆಗಲ್ಲ ಅವನಿಗೆ. ಅಷ್ಟೇ." ಆಮೇಲೆ ನಿಮ್ಮ ಮಾತ್ರೆಯ ವಿಷಯ ಅವಳು ಒಮ್ಮೆಯೂ ಕೇಳಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ನನ್ನ ಕೈ ಸೋತಿರಲಿಲ್ಲ. ಮಂಚದ ಮೇಲೆ ಮಲಗಿ ಎರಡೂ ಕೈ ನೋಡಿಕೊಂಡು ನಕ್ಕೆ. ಅದು ಒಂದು ಗಂಟೆ ಇತ್ತೇನೋ. ನಂತರ, ಹದಿನೇಳು ತಿಂಗಳು ನೀವು ಇದನ್ನು ಇಟ್ಟುಕೊಂಡು ಊಟ ಮಾಡಿದ್ದೀರಿ, ಮಲಗಿದ್ದೀರಿ, ಲಾರಿ ಡ್ರೈವರಿನ ತಮಾಷೆಗೆ ನಕ್ಕಿದ್ದೀರಿ ಎಂದು ನೆನಪಾಯಿತು. ಸರದಿ ಇನ್ನೊಬ್ಬರಿಗೆ ಹೋಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಬೆಂಡು ಅಂಟಿಸಿದ್ದನ್ನು ನಾನು ಕ್ಷಮಿಸಬಲ್ಲೆ. ಕಿತ್ತದ್ದನ್ನು ಕ್ಷಮಿಸಲಾರೆ. "ಅದಕ್ಕೆ ನೀನಾದರೂ ಏನು ಮಾಡಬೇಕಿತ್ತು" ಎಂದು ನನ್ನನ್ನೇ ಸಮಾಧಾನ ಮಾಡಿ ಬರೆದಿರಲ್ಲ, ಅದನ್ನಂತೂ ಎಂದಿಗೂ ಇಲ್ಲ.

ಪತ್ರಿಕೆಯವರಿಗೆ ಕೊಡೋಣ ಎಂದು ಅಮ್ಮ ಹೇಳಿದಳು. ನಿಮ್ಮ ಒಡಹುಟ್ಟಿದ ಅಕ್ಕನೇ ಹೇಳಿದಳು. ಕೊಡಬೇಕೆಂದೇ ಇದ್ದೆ. ಅಷ್ಟರಲ್ಲಿ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿದರು. ಬೆನ್ನು ಎಡಕ್ಕೆ ಬಾಗುತ್ತಿದೆ. ಈಗಿರುವ ಕವಚ ಸಾಲದು, ಮೈಗೆ ಸರಿಯಾಗಿ ಎರೆದ ಹೊಸದು ಆಗಸ್ಟಿನೊಳಗೆ ಆಗಬೇಕು, ಇಲ್ಲದಿದ್ದರೆ ಉಸಿರಿಗೆ ತೊಂದರೆ ಎಂದರು. ಅಂಥದ್ದನ್ನು ಮಾಡಬಲ್ಲವರು ಒಬ್ಬರೇ ಇದ್ದಾರೆ ಎಂದು ಚೀಟಿ ಬರೆದುಕೊಟ್ಟರು. ನಿಮ್ಮ ಆಸ್ಪತ್ರೆಯ ಹೆಸರು ಓದಿ ನನಗೆ ನಗು ಬಂತು. ಯಾಕೆ ಎಂದು ಕೇಳಿದರು. ಚೀಟಿ ಮಡಚಿ ಅಮ್ಮನ ಕೈಗೆ ಕೊಟ್ಟೆ.

ನಿಮ್ಮ ಕಾಗದ ಅಚ್ಚಾದರೆ ಮಾರನೆಯ ದಿನವೇ ನಿಮ್ಮನ್ನು ಮನೆಗೆ ಕಳಿಸುತ್ತಾರೆ. ಹಾಗಾಗಿ ಆ ಪ್ರಮಾಣಪತ್ರವನ್ನು ಅವರಿಗೆ ಕೊಟ್ಟುಬಿಡಿ. ಕಾಗದ ಅಮ್ಮನ ಹತ್ತಿರ ಇದೆ. ಅದನ್ನು ಯಾವಾಗ ಹೊರಗೆ ತೆಗೆಯಬೇಕೆಂದು ನಾನಿನ್ನೂ ತೀರ್ಮಾನಿಸಿಲ್ಲ. ಅಲ್ಲಿಯವರೆಗೆ ಊರವರ ಪಾಲಿಗೆ ಬೆಲ್ಟು ಹಾಕಿಕೊಳ್ಳದವಳು ನಾನೇ.

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂರುತ್ತಾಳಂತೆ, ಒಳಗೆ ಬರುವುದಿಲ್ಲ. ನೀವು ಕ್ಷಮೆ ಕೇಳಬೇಡಿ. ನೀರು ಬೇಕಾ ಎಂದೂ ಕೇಳಬೇಡಿ. ಹಾಳೆಯಲ್ಲಿ ಎಷ್ಟು ಖಾನೆಗಳಿವೆಯೋ ಅಷ್ಟನ್ನೂ ನನ್ನ ಎದುರಿಗೇ ತುಂಬಿ, ನನಗೆ ಓದಿ ಹೇಳಿ. ಒತ್ತಿದಾಗ ನಾನು ಕೂಗಿದರೂ ನಿಯಮ ಎಷ್ಟು ಬಿಗಿ ಎನ್ನುತ್ತದೆಯೋ ಅಷ್ಟೇ ಬಿಗಿಯಿರಿ. ನನಗೆ ಹಿತವಾಗಲಿ ಎಂದು ಏನನ್ನೂ ಮಾಡಬೇಡಿ.

ನಿಮ್ಮ ಅಕ್ಕನ ಮಗಳು